ಮಕ್ಕಳ ರಕ್ತ ಕ್ಯಾನ್ಸರ್ ತಿರುಗಿ ಬರ್ತದೇನು ಅಂತ ಮೊದಲೇ ಗೊತ್ತಾಗ್ತದಾ?

ಶಹಾಪುರದ ಒಬ್ಬ ತಂದೆ: ಮೇಡಂ, ನಮಸ್ಕಾರ್ರಿ. ಮಗಗ ಆರು ವರ್ಷ, ತೂಕ 17 ಕೆಜಿ, ಬಿ-ಎಎಲ್‌ಎಲ್ ಅನ್ನೋ ರಕ್ತ ಕ್ಯಾನ್ಸರ್. ಮೊದಲನೇ ತಿಂಗಳ ಕೊನೀಗಿ ಎಂಆರ್‌ಡಿ (ಉಳಿದ ರೋಗದ ಕಣ ಹುಡುಕೋ ಪರೀಕ್ಷೆ) ನೆಗೆಟಿವ್ ಬಂದದ, ಈಗ ಮೇಂಟೆನೆನ್ಸ್, ಅಂದ್ರ ಮನ್ಯಾಗ ಗುಳಿಗಿ ನುಂಗೋ ಹಂತ ನಡದದ. ತಿರುಗಿ ಬರ್ತದೇನು ಅಂತ ಮೊದಲೇ ತಿಳೀಲಾಕ ಆಗಾಗ ಬೋನ್ ಮ್ಯಾರೋ (ಮೂಳೆಮಜ್ಜೆ) ಪರೀಕ್ಷೆ ಮಾಡಿಸಬೇಕೇನ್ರಿ? ಹಾಲು ಕುಡಿದ ಮ್ಯಾಲ ಗುಳಿಗಿ ಕೊಟ್ರ ನಡೀತದೇನು?

ಮಕ್ಕಳ ಕ್ಯಾನ್ಸರ್ ವೈದ್ಯೆ, ಕಲಬುರಗಿ: ಬೇಡ್ರಿ. ಶುರುವಿನಲ್ಲಿ ನಾವು ನೋಡೋದು ವಯಸ್ಸು, ಬಿಳಿ ರಕ್ತಕಣ 50,000 ದಾಟಿತ್ತಾ ಇಲ್ಲವಾ, ಕ್ರೋಮೋಸೋಮ್ ವರದಿ. ಇವೆಲ್ಲಕ್ಕಿಂತ ಹೆಚ್ಚು ಹೇಳೋದು ಇಂಡಕ್ಷನ್, ಅಂದ್ರೆ ಮೊದಲ ತಿಂಗಳ ಚಿಕಿತ್ಸೆ ಮುಗಿದಾಗಿನ ಎಂಆರ್‌ಡಿ. ನೆಗೆಟಿವ್ ಅಂದ್ರೆ 0.01 ಶೇಕಡಾಕ್ಕಿಂತ ಕಡಿಮೆ, 10,000 ಕಣದಲ್ಲಿ ಒಂದು ರೋಗದ ಕಣವೂ ಸಿಗಲಿಲ್ಲ ಅಂತ. ಸೂಕ್ಷ್ಮದರ್ಶಕಕ್ಕೆ ಅಷ್ಟು ಸಣ್ಣದು ಕಾಣೋದೇ ಇಲ್ಲ. ನೆಗೆಟಿವ್ ಬಂದ ಮಗುವಿಗೆ ಮತ್ತೆ ಮತ್ತೆ ಮ್ಯಾರೋ ಚುಚ್ಚಿದರೆ ನೋವು ಬಿಟ್ಟು ಬೇರೇನೂ ಸಿಗೋದಿಲ್ಲ.

ಇನ್ನು ಮುಂದೆ ನಿಮ್ಮ ಕೈಯಲ್ಲಿರೋದು ದಿನದ 6-ಎಂಪಿ ಗುಳಿಗೆ, ರೋಗ ತಿರುಗಿ ಬರದಂಗೆ ತಡೆಯೋ ಔಷಧಿ. ಅಮೆರಿಕದ ಅಧ್ಯಯನದಲ್ಲಿ ಗುಳಿಗೆ ಶೇ 95ಕ್ಕಿಂತ ಕಡಿಮೆ ನುಂಗಿದ ಮಕ್ಕಳಲ್ಲಿ ರೋಗ ಮರುಕಳಿಸಿದ್ದು ಸುಮಾರು ಎರಡೂವರೆ ಪಟ್ಟು ಹೆಚ್ಚು. 30 ದಿನದಲ್ಲಿ ಎರಡು ದಿನ ತಪ್ಪಿದರೆ ಶೇ 93. ಅಷ್ಟೇ ಸಾಕು, ಗೆರೆ ದಾಟಿದಂಗೆ. ಜಾತ್ರೆ, ಮದುವೆ, ಊರಿಗೆ ಹೋಗೋ ದಿನಗಳಲ್ಲೇ ಹೆಚ್ಚು ತಪ್ಪೋದು, ಅದಕ್ಕೆ ಒಂದು ವಾರದ ಗುಳಿಗೆ ಸದಾ ಚೀಲದಲ್ಲಿರಲಿ. ತಪ್ಪಿತು ಅಂತ ಮರುದಿನ ಎರಡು ದಿನದ್ದು ಸೇರಿಸಿ ಕೊಡಬೇಡ್ರಿ.

ಹಾಲಿನ ಜೊತೆ ಕೊಡಬಾರದು ಅಂತ ಮೊದಲು ನಾವೇ ಹೇಳ್ತಿದ್ವಿ. ಊಟ, ಹಾಲಿನಿಂದ ಮರುಕಳಿಕೆ ಹೆಚ್ಚೋದಿಲ್ಲ ಅಂತ ಆಮೇಲೆ ಗೊತ್ತಾಗಿದೆ. ಮಗು ಹೆಂಗ ನುಂಗ್ತದೋ ಹಂಗ ಕೊಡ್ರಿ, ದಿನಾ ಒಂದೇ ಹೊತ್ತಿಗೆ.

ಲ್ಯಾಬ್ ಟೆಕ್ನಿಷಿಯನ್, ಬೀದರ್: ಎಂಆರ್‌ಡಿ ಬಗ್ಗೆ ಒಂದು ಮಾತು. ಸೂಜಿ ಹಾಕಿದ ಮೇಲೆ ಮೊದಲು ಎಳೆದ 2–3 ಮಿಲಿ ಮ್ಯಾರೋನೇ ಎಂಆರ್‌ಡಿಗೆ ಹೋಗಬೇಕು. ಆಮೇಲಿನದ್ದರಲ್ಲಿ ರಕ್ತ ಬೆರೆತು ಸಂಖ್ಯೆ ಸುಳ್ಳೇ ಕಡಿಮೆ ಬರ್ತದೆ. ಹೆಪ್ಪುಗಟ್ಟದಂಗೆ ಇಡಿಟಿಎ ಟ್ಯೂಬಿನಲ್ಲಿ ಹಾಕಿ, ಬೇಗ ಲ್ಯಾಬಿಗೆ ಕಳಿಸಬೇಕು. ಮೇ ತಿಂಗಳಲ್ಲಿ ಬಸ್ಸಿನ ಡಿಕ್ಕಿಯಲ್ಲಿ ಹಾಕಿ ಬೆಂಗಳೂರಿಗೋ ಹೈದರಾಬಾದಿಗೋ ಕಳಿಸಿದರೆ ಕಣಗಳು ಸತ್ತೇ ಮುಟ್ಟೋದು.

ಔಷಧ ಅಂಗಡಿಯವರು, ಕಲಬುರಗಿ: ಇಲ್ಲಿ ದೊಡ್ಡ ಎಡವಟ್ಟು ಮೇಂಟೆನೆನ್ಸ್‌ನಲ್ಲಿ ಕೊಡೋ ಇನ್ನೊಂದು ಗುಳಿಗೆ, ಮೆಥೊಟ್ರೆಕ್ಸೇಟ್‌ದು. ಅದು ವಾರಕ್ಕೊಮ್ಮೆ. ದಿನಾ ಕೊಟ್ಟರೆ ಬಾಯಿ ಹುಣ್ಣಾಗಿ, ರಕ್ತಕಣ ಕುಸಿದು ಜೀವಕ್ಕೇ ಅಪಾಯ. 2.5 ಮಿಗ್ರಾಂ ಗುಳಿಗೆನೂ ಇದೆ, 10ರದ್ದೂ ಇದೆ. 2.5ರ ಲೆಕ್ಕದಲ್ಲಿ ಆರು ಗುಳಿಗೆ ಬರೆದಿದ್ದಕ್ಕೆ 10ರ ಆರು ಕೊಟ್ಟರೆ ನಾಲ್ಕು ಪಟ್ಟು. ಸ್ಟ್ರಿಪ್ ಮೇಲಿನ ಮಿಗ್ರಾಂ ಪ್ರತಿ ಸಲ ಓದ್ರಿ.

ಶಹಾಪುರದ ತಂದೆ: 6-ಎಂಪಿ ವಾರದಾಗ ಐದು ದಿನ ಒಂದು, ಎರಡು ದಿನ ಅರ್ಧ ಬರದಾರ. ಇದು ಬರೋಬ್ಬರಿ ಏನ್ರಿ?

ವೈದ್ಯೆ: ಬರೋಬ್ಬರಿ. 17 ಕೆಜಿ ಮಗುವಿನ ಮೈ ವಿಸ್ತೀರ್ಣ ಸುಮಾರು 0.7 ಚದರ ಮೀಟರ್. ಚದರ ಮೀಟರಿಗೆ 60 ಮಿಗ್ರಾಂ ಅಂದ್ರೆ ದಿನಕ್ಕೆ 42, ವಾರಕ್ಕೆ 294. ನಿಮ್ಮದು 50ರ ಗುಳಿಗೆ ಆರು, 300. ಮುಂದೆ ಡೋಸ್ ಬದಲಾಗೋದು ಎಎನ್‌ಸಿ, ಅಂದ್ರೆ ನ್ಯೂಟ್ರೋಫಿಲ್ ಅನ್ನೋ ಬಿಳಿಕಣದ ಸಂಖ್ಯೆ ನೋಡಿ. ಒಟ್ಟು ಬಿಳಿಕಣ 2,400, ನ್ಯೂಟ್ರೋಫಿಲ್ ಶೇ 45 ಇದ್ದರೆ ಎಎನ್‌ಸಿ 1,080. ಸಾಮಾನ್ಯವಾಗಿ 500ರಿಂದ 1,500ರ ಒಳಗಿರಬೇಕು, ಕೆಲವು ಪ್ರೋಟೋಕಾಲ್‌ನಲ್ಲಿ ಕೆಳಮಿತಿ 750. ಸತತವಾಗಿ ಮೇಲಿದ್ದರೆ ಮೊದಲು ಗುಳಿಗೆ ತಪ್ಪಿದೆಯಾ ಅಂತ ಕೇಳ್ತೀವಿ, ತಪ್ಪಿಲ್ಲ ಅಂದ್ರೆ ಡೋಸ್ ಏರಿಸ್ತೀವಿ. "ಕೌಂಟ್ ಚಲೋ ಅದ" ಅಂತ ಖುಷಿಪಡೋದು ಈ ಹಂತದಲ್ಲಿ ಸರಿಯಲ್ಲ. ತೀರಾ ಕಡಿಮೆ ಡೋಸಿಗೂ ಕೌಂಟ್ ಕುಸಿದರೆ ಮೈ ಈ ಔಷಧಿಯನ್ನ ಹೆಂಗ ಅರಗಿಸ್ತದೆ ಅಂತ ಹೇಳೋ ಎನ್‌ಯುಡಿಟಿ15, ಟಿಪಿಎಂಟಿ ಜೀನ್ ಪರೀಕ್ಷೆ ಮಾಡಿಸ್ತೀವಿ. ಏರಿಸೋದು ಇಳಿಸೋದು ಮನೆಯಲ್ಲಿ ಬೇಡ.

ಆಶಾ ಕಾರ್ಯಕರ್ತೆ, ಯಾದಗಿರಿ: ಮೇಡಂ, ಮನಿಗೆ ಹೋದಾಗ ಏನು ನೋಡಬೇಕ್ರಿ? ನಾಟಿ ಔಷಧಿ ಕೊಡೋರೂ ಅದಾರ.

ವೈದ್ಯೆ: ರೋಗ ತಿರುಗಿ ಬಂದಿರಬಹುದು ಅನ್ನೋ ಗುರುತುಗಳು: ಮೂಳೆ ನೋವಿಗೆ ಮಗು ಕುಂಟೋದು, ಮೈಮೇಲೆ ಕೆಂಪು ಚುಕ್ಕಿ, ಬೆಳಗಿನ ತಲೆನೋವು ವಾಂತಿ, ಬಾಯಿ ಒಂದು ಕಡೆ ಸೊಟ್ಟಗಾಗೋದು. ಗಂಡುಮಗುವಿಗೆ ಸ್ನಾನ ಮಾಡಿಸುವಾಗ ವೃಷಣ ಮುಟ್ಟಿ ನೋಡಲು ತಾಯಿಗೆ ಹೇಳ್ರಿ, ನೋವಿಲ್ಲದ ಗಟ್ಟಿ ಊತ ಇದ್ದರೆ ಅದೇ ವಾರ ಕರ್ಕೊಂಡು ಬರಲಿ. ಜ್ವರ 100.4 ದಾಟಿದರೆ ಅದು ಬೇರೆ ತುರ್ತು, ಸೋಂಕಿನದು, ರಾತ್ರಿಯಾದರೂ ಆಸ್ಪತ್ರೆಗೆ. ಬೆನ್ನಿನ ಇಂಜೆಕ್ಷನ್ ಬಾಕಿ ಇದ್ದರೆ ತಪ್ಪಿಸಬಾರದು, ರೋಗ ಮಿದುಳಿನ ಕಡೆ ತಿರುಗದಂತೆ ತಡೆಯೋದು ಅದೇ.

ನಾಟಿ ಔಷಧಿ ಕೊಟ್ಟಿದ್ದರೆ ಬೈಯಬೇಡ್ರಿ, ಮುಚ್ಚಿಡ್ತಾರೆ. ಏನು, ಎಂದಿನಿಂದ ಅಂತ ಕೇಳಿ ಫೋಟೋ ತಗೊಂಡು ಕಳಿಸ್ರಿ. ಅದರಿಂದ ಎಸ್‌ಜಿಪಿಟಿ (ಯಕೃತ್ತಿಗೆ ಪೆಟ್ಟಾದದ್ದು ತೋರಿಸೋ ರಕ್ತ ಪರೀಕ್ಷೆ) ಏರಿ, ನಾವು ಕಾರಣ ಗೊತ್ತಿಲ್ಲದೆ 6-ಎಂಪಿ ವಾರಗಟ್ಟಲೆ ನಿಲ್ಲಿಸಬೇಕಾಗ್ತದೆ.