ಸಹಾಯ ಬೇಕು: ಮುಳ್ಳಯ್ಯನಗಿರಿ ಇಳಿಯುವಾಗ ಮಂಡಿ, ಬ್ರೇಕ್ ಎರಡೂ ಕೈಕೊಡುತ್ತಿವೆ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಾನು, ನನ್ನ ಭಾವ ಮತ್ತೆ ಚಿಕ್ಕಮಗಳೂರಿಗೆ ಹೊರಟಿದ್ದೇವೆ. ಒಂದು ದಿನ ಮುಳ್ಳಯ್ಯನಗಿರಿಗೆ ಹತ್ತುವ ಕಾಲುದಾರಿ ಸರ್ಪದಾರಿಯಲ್ಲಿ ನಡಿಗೆ, ಮಾರನೇ ದಿನ ಸೈಕಲ್‌ನಲ್ಲಿ ಬುಡದ ಕೈಮರದಿಂದ ಪಕ್ಕದ ಬೆಟ್ಟ ಸೀತಾಳಯ್ಯನಗಿರಿ. ಮುಳ್ಳಯ್ಯನಗಿರಿ 1,930 ಮೀಟರ್ ಇದ್ದರೂ ಹತ್ತುವುದು ಹೇಗೋ ಆಗುತ್ತದೆ. ತೊಂದರೆ ಇರುವುದು ಇಳಿಯುವಾಗ.

ಕಳೆದ ಸಲ ಸರ್ಪದಾರಿಯಲ್ಲಿ ಭಾವ ತಿರುವು ಬಿಟ್ಟು ಹುಲ್ಲಿನ ಮೇಲೆ ನೇರ ಇಳಿದರು. ನಾನೂ ಹಿಂದೆಯೇ ಹೋದೆ. ಸಡಿಲ ಕಲ್ಲು, ಜರ್ರನೆ ಜಾರಿ ಕೂತೆ. ಎಡಮಂಡಿ ಊದಿತು. ಹಾಗೆ ಅಡ್ಡ ತುಳಿದರೆ ಹುಲ್ಲು ಸತ್ತು, ಮಳೆನೀರು ಅಲ್ಲೇ ಕೊರಕಲು ಮಾಡುತ್ತದೆ ಅಂತ ಗೊತ್ತು. ಇನ್ನು ಆ ತಪ್ಪು ಮಾಡಲ್ಲ, ಬೈಯಬೇಡಿ.

ಸೈಕಲ್ ಕಥೆ ಇನ್ನೂ ಚೆನ್ನಾಗಿದೆ. ಭಯಕ್ಕೆ ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿದೆ. ನಾಲ್ಕೈದು ತಿರುವು ಆಗುವಷ್ಟರಲ್ಲಿ ಡಿಸ್ಕ್ ಕೀಂಯ್ ಅನ್ನತೊಡಗಿತು, ಸುಟ್ಟ ವಾಸನೆ, ಲಿವರ್ ಮೆತ್ತಗಾಗಿ ಹ್ಯಾಂಡಲ್‌ಗೆ ತಾಗಿತು. ಎದುರಿಗೆ ಜೀಪು ಬೇರೆ! ತಿರುವಿಗೆ ಮುಂಚೆಯೇ ವೇಗ ಇಳಿಸಬೇಕು, ಹೊರಬದಿಯ ಪೆಡಲ್ ಕೆಳಗಿಟ್ಟು ಭಾರ ಹಾಕಬೇಕು, ಬ್ರೇಕ್ ಬಿಟ್ಟು ತಿರುಗಬೇಕು. ಎಲ್ಲ ಬಾಯಿಪಾಠ. ಆದರೆ ಬೆರಳು ಮಾತು ಕೇಳಬೇಕಲ್ವಾ?

ಈಗ ಇರುವುದು 160 ಎಂಎಂ ರೋಟರ್ (ಬ್ರೇಕ್ ಡಿಸ್ಕ್). ಮುಂದಿನ ಚಕ್ರಕ್ಕೆ 180 ಹಾಕಿಸಿದರೆ ಬಿಸಿ ನಿಜಕ್ಕೂ ಕಮ್ಮಿ ಆಗುತ್ತಾ, ಅಥವಾ ಸುಮ್ನೆ ಖರ್ಚಾ? ಡಿಸ್ಕನ್ನು ಒತ್ತಿ ಹಿಡಿಯುವ ಬ್ರೇಕ್ ಪ್ಯಾಡ್ ಬದಲಾಯಿಸಿ ಮೆಟಲ್‌ದು ಹಾಕಿಸಿದರೆ ಸಾಕಾ? ಮಂಡಿಗೆ ಒಂದು ಕೋಲು ಸಾಕೋ, ಎರಡು ಬೇಕೋ? ವಾರದ ದಿನ ಬೆಳಗ್ಗೆ ಎಷ್ಟಕ್ಕೆ ಹೊರಟರೆ ಗಾಡಿ ಕಾಟ ಇರಲ್ಲ? ಆ ರಸ್ತೆಯಲ್ಲಿ ಇಳಿದವರು ದಯವಿಟ್ಟು ಹೇಳಿ. ಭಾವನನ್ನು ಕೇಳಿದರೆ "ಬ್ರೇಕ್ ಯಾಕೋ ಬೇಕು?" ಅನ್ನುತ್ತಾರೆ.