ನವಣಿ ಕೊಳ್ಳಾಕ ಬೆಂಗಳೂರಿನ ಕಂಪನಿ ಬಂದೈತಿ, ಸಹಿ ಮಾಡ್ಲೋ ಬ್ಯಾಡೋ?

ಎರಿಹೊಲದಾಂವ:
ನಮಸ್ಕಾರ್ರೀ. ಕುಂದಗೋಳ ತಾಲೂಕು, ನಾಕು ಎಕರೆ ಎರಿ ಹೊಲ. ಎರಡರಾಗ ಬಿಟಿ ಹತ್ತಿ, ಎರಡರಾಗ ನವಣಿ, ನಡುವ ತೊಗರಿ ಸಾಲು. ಕಂಪನಿಯವ್ರು ತಾವು ಲಾಭಕ್ಕಷ್ಟ ಅಲ್ಲ, ಸಣ್ಣ ರೈತರ ಸಲುವಾಗಿ ಇದ್ದೀವಿ ಅಂತಾರ. ಪ್ಯಾಟಿ ರೇಟಿಗಿಂತ ಕ್ವಿಂಟಲ್‌ಗೆ 600 ರೂಪಾಯಿ ಹೆಚ್ಚಿಗಿ. ಆದ್ರ ಸರಕಾರಿ ಗೊಬ್ಬರ (ಯೂರಿಯಾದಂಥ ರಾಸಾಯನಿಕ) ಹಾಕಬಾರದು, ಹುಳಕ್ಕ ಎಣ್ಣಿ ಹೊಡಿಬಾರದು, ಸಾವಯವ ಅಂತ ರೈತರ ಒಬ್ಬರಿಗೊಬ್ಬರು ಖಾತ್ರಿ ಕೊಡೂ ಪಿಜಿಎಸ್ ಗುಂಪಿಗೆ ಸೇರಬೇಕು, ಮೂರು ವರ್ಷ ಬ್ಯಾರೆ ಯಾರಿಗೂ ಮಾರಬಾರದು. ನಮ್ಮ ದಲಾಲಿ ಅಂಗಡಿಯವ ರೇಟು ಕಮ್ಮಿ ಹಚ್ಚತಾನ ಖರೆ, ಆದ್ರ ಬಿತ್ತಾಕ, ದವಾಖಾನಿಗೆ ಅಂದ್ರ ರಾತ್ರಿ ಹನ್ನೊಂದಕ್ಕೂ ರೊಕ್ಕ ಕೊಡತಾನ. ಏನ್ ಮಾಡ್ಲಿ?

ತುಮಕೂರು ರಂಗ:
ಸುಮ್ನೆ ದೂರ ಇರಿ. ಪ್ಯಾಕೆಟ್ ಮೇಲೆ ನಿಮ್ಮಮ್ಮನ ಫೋಟೋ ಹಾಕ್ತಾರೆ, ಎರಡನೇ ವರ್ಷ ಫೋನ್ ಎತ್ತಲ್ಲ. 2023 ಸಿರಿಧಾನ್ಯ ವರ್ಷ ಅಂತ ಗದ್ದಲ ಎದ್ದಾಗ ನಮ್ಮ ಕಡೆ ಸಾಮೆ ಹುಡುಕಿಕೊಂಡು ಬಂದವರು ಈಗ ಎಲ್ಲೂ ಕಾಣ್ತಿಲ್ಲ.

ಲೆಕ್ಕದ ಅಕ್ಕ:
ತಮ್ಮಾ, ನಾನು ರೈತ ಉತ್ಪಾದಕರ ಕಂಪನಿಯೊಂದರಾಗ ಲೆಕ್ಕ ಬರದಾಕಿ. ಆ 600 ಈಗ ಮರ್ತುಬಿಡು. ಎರಡು ಎಕರೆಕ್ಕ ಹತ್ತು ಕ್ವಿಂಟಲ್ ಬಂತು ಅನ್ನು, 6000 ಆತು. ಅವರು ರೊಕ್ಕ ಮೂರು ತಿಂಗಳ ತಡ ಮಾಡಿದ್ರ ನೀ ದಲಾಲಿ ಕಡೆ 40,000 ತರತಿ. ನೂರಕ್ಕ ಮೂರರಂಗ ಬಡ್ಡಿ ತಿಂಗಳಿಗೆ 1200, ಮೂರು ತಿಂಗಳಿಗೆ 3600. ಉಳಿಯೂದು ಬರೇ 2400. ಅದಕ್ಕ ರೊಕ್ಕ ಯಾವ ದಿನಕ್ಕ ಅಂತ ಬರಸ್ಕೋ. ತೂಕ ನಿನ್ನ ಕಣದಾಗೋ ಅವರ ಗೋದಾಮಿನ್ಯಾಗೋ? ಹಸಿ ಐತಿ, ಕಲ್ಲು ಐತಿ ಅಂತ ಮಾಲು ತಿರುಗಿ ಕಳಿಸಿದ್ರ ಗಾಡಿ ಬಾಡಿಗಿ ಯಾರ್ದು? ಮುಂಗಡ ಕೊಡ್ತಾರೇನು? ದಲಾಲಿ ಗೆಲ್ಲೂದು ರೇಟಿನ್ಯಾಗಲ್ಲ, ಮುಂಗಡದಾಗ. ಅದನ್ನ ತಿಳಿಲಾರದ ಕಂಪನಿ ಎಷ್ಟು ಒಳ್ಳೇದಿದ್ರೂ ಬಾಳಿಕಿ ಬರಂಗಿಲ್ಲ.

ಇನ್ನೊಂದು. ನಿನ್ನ ಪ್ರಶ್ನಿ ಪೂರಾ ನವಣಿದು, ನನಗ ಚಿಂತಿ ನಿನ್ನ ಬಿಟಿ ಹತ್ತಿ ಬೆಳಿದು. ಸಾವಯವದಾಗ ಬಿಟಿ ಬೀಜಕ್ಕ ಜಾಗಾನ ಇಲ್ಲ. ಅರ್ಧ ಹೊಲ ಸಾವಯವ, ಅರ್ಧಕ್ಕ ಎಣ್ಣಿ ಅಂತ ಬಹಳ ವರ್ಷ ನಡಸಾಕ ಪಿಜಿಎಸ್‌ದಾಗ ಬಿಡಂಗಿಲ್ಲ. ಅಂದ್ರ ಸಹಿ ಬೀಳೂದು ನಾಕೂ ಎಕರೆಕ್ಕ. ಗುಂಪಿಗೆ ಕನಿಷ್ಠ ಐದು ಮಂದಿ ರೈತರು ಬೇಕು, ಒಬ್ಬರ ಹೊಲ ಒಬ್ಬರು ನೋಡೂದು. ಪಕ್ಕದಾಂವ ಕದ್ದು ಯೂರಿಯಾ ಚೆಲ್ಲಿದ್ರ ಹೇಳೂ ಧೈರ್ಯ ಐತೇನು? ಊರಾಗ ಅದು ಸಣ್ಣ ಮಾತಲ್ಲ. ಪಿಜಿಎಸ್ ಕಾಗದ ದೇಶದೊಳಗಷ್ಟ ನಡೀತೈತಿ. ಹೊರದೇಶಕ್ಕ ಕಳಸ್ತೀವಿ ಅಂದ್ರ ಎನ್‌ಪಿಒಪಿ ಅಂತ ಬ್ಯಾರೆ ಪ್ರಮಾಣಪತ್ರ ಬೇಕು, ಅದರ ಖರ್ಚು ಯಾರ ತಲಿಮ್ಯಾಲ ಅಂತನೂ ಕೇಳು.

ಮೂರು ವರ್ಷದ ಕಟ್ಟು ಒಪ್ಪಬ್ಯಾಡ. ಒಂದು ಸುಗ್ಗಿ ನೋಡು.

ಶಿಗ್ಗಾವಿ ಪಾಟೀಲ:
ದೂರ ಯಾಕ್ರೀ, ನಿಮ್ಮ ತಾಲೂಕಿನ ತೀರ್ಥ ಅನ್ನೂ ಊರಾಗ ಬೀಬಿ ಫಾತಿಮಾ ಸ್ವಸಹಾಯ ಸಂಘದ ಹೆಣ್ಮಕ್ಕಳು ಬೀಜ ಬ್ಯಾಂಕು ಮಾಡ್ಯಾರ, ಸಿರಿಧಾನ್ಯ ಸಂಸ್ಕರಣ ಘಟಕ ನಡಸ್ತಾರ. ಸಹಜ ಸಮೃದ್ಧ ಅನ್ನೂ ಸಾವಯವ ರೈತರ ಸಂಸ್ಥೆಯವರ ಬೆಂಬಲ ಐತಿ. 2025ರಾಗ ವಿಶ್ವಸಂಸ್ಥೆಯ ಅಭಿವೃದ್ಧಿ ವಿಭಾಗ ಯುಎನ್‌ಡಿಪಿಯ ಈಕ್ವೇಟರ್ ಪ್ರಶಸ್ತಿ ಬಂತು. ಹೋಗಿ ಕೇಳ್ರಿ. ನವಣಿ ಒಡಸಿ ಅಕ್ಕಿ ಮಾಡಿದ್ರ ರೇಟು ಏರತೈತಿ. ಆದ್ರ ಅಕ್ಕಿ ಬಹಳ ದಿನ ಇಡಾಕ ಬರಂಗಿಲ್ಲ, ಹುಳ ಬೀಳತಾವ, ಕಮಟು ವಾಸನಿ ಹಿಡಿತೈತಿ. ಬೇಕಾದಷ್ಟ ಒಡಸ್ಕೋತ ಹೋಗಬೇಕು.

ಲೆಕ್ಕದ ಅಕ್ಕ:
ಪಾಟೀಲರು ಹೇಳಿದ್ದು ಖರೆ. ಹತ್ತು ಮಂದಿ ರೈತರಿದ್ರ ಉತ್ಪಾದಕರ ಕಂಪನಿ ನೀವ ನೋಂದಣಿ ಮಾಡಬಹುದು, ಅಲ್ಲಿ ನೀ ಷೇರುದಾರ. ಈ ಬೆಂಗಳೂರಿನವ್ರ ಕಡೆ ನೀ ಬರೇ ಮಾಲು ಕೊಡಾಂವ. ಅದಕ್ಕ ಅವರು ಕೆಟ್ಟವರಂತಲ್ಲ. ಮಾರೂದು, ಪ್ಯಾಕಿಂಗ್ ನಮಗ ಅಷ್ಟ ಸಲೀಸು ಆಗಂಗಿಲ್ಲ. ತುಮಕೂರಿನ ಅಣ್ಣಾರು ಬೈದಷ್ಟ ಎಲ್ಲಾರೂ ಕೆಟ್ಟಿಲ್ಲ.

ಎರಿಹೊಲದಾಂವ:
ಅಕ್ಕಾರ, ಹತ್ತಿ ಮಾತು ಅವರು ಎತ್ತೇ ಇಲ್ರೀ. ಅಪ್ಪಗ ಹೇಳಿದ್ರ ‘ಹತ್ತಿ ಬಿಟ್ರ ಬ್ಯಾಂಕಿನ ಕಂತು ನವಣಿ ತುಂಬತೈತೇನು’ ಅಂದ. ಬುಧವಾರ ಅವರು ಮತ್ತ ಬರ್ತಾರ. ಮೊದಲು ಕರಾರು ಪತ್ರ ಕನ್ನಡದಾಗ ಕೊಡ್ರಿ ಅಂತೀನಿ, ಈಗ ಕೊಟ್ಟಿದ್ದು ಪೂರಾ ಇಂಗ್ಲೀಷಿನ್ಯಾಗ ಐತಿ.