ಸ್ಟಾಟಿಸ್ಟಿಕ್ಸ್ ಪಿಎಚ್‌ಡಿಗೆ ಅಪ್ಲೈ ಮಾಡಬೇಕು, ಆದರೆ ರಿಯಲ್ ಅನಾಲಿಸಿಸ್ ಓದಿಲ್ಲ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಕಂಪ್ಯೂಟರ್ ಸೈನ್ಸ್ ಓದಿ ಈಗ ಡೇಟಾ ಅನಾಲಿಸ್ಟ್ ಆಗಿದ್ದೇನೆ. ಕೆಲಸದಲ್ಲಿ ದಿನಾ ಎ/ಬಿ ಟೆಸ್ಟ್ (ಒಂದರದೇ ಎರಡು ರೂಪಗಳನ್ನು ಬೇರೆ ಬೇರೆ ಜನರಿಗೆ ತೋರಿಸಿ ಯಾವುದು ಮೇಲು ಅಂತ ಹೋಲಿಸುವುದು) ನೋಡುತ್ತೇನೆ. ಟೆಸ್ಟ್ ನಡೆಯುತ್ತಿರುವಾಗಲೇ ಎಲ್ಲರೂ ರಿಸಲ್ಟ್ ಇಣುಕಿ ನೋಡುತ್ತಾರೆ, ಪಿ-ವ್ಯಾಲ್ಯೂ (ನಿಜವಾಗಿ ವ್ಯತ್ಯಾಸ ಇಲ್ಲದಿದ್ದರೂ ಬರೀ ಆಕಸ್ಮಿಕವಾಗಿ ಇಷ್ಟು ಅಥವಾ ಇದಕ್ಕೂ ದೊಡ್ಡ ವ್ಯತ್ಯಾಸ ಕಾಣುವ ಸಾಧ್ಯತೆ) 0.05ಕ್ಕಿಂತ ಕೆಳಗೆ ಬಂದ ಕೂಡಲೇ ನಿಲ್ಲಿಸಿಬಿಡುತ್ತಾರೆ. ಇದು ಯಾಕೆ ಸರಿಯಲ್ಲ ಅಂತ ಹುಡುಕುತ್ತಾ ಹೋದವನಿಗೆ ಸ್ಟಾಟಿಸ್ಟಿಕ್ಸ್ ಬಿಟ್ಟು ಬೇರೇನೂ ಬೇಡ ಅನ್ನಿಸಿದೆ. ಅಮೆರಿಕದ ಪಿಎಚ್‌ಡಿಗಳಿಗೆ ಅಪ್ಲೈ ಮಾಡುವ ಆಸೆ. ಕ್ಯಾಲ್ಕುಲಸ್, ಲೀನಿಯರ್ ಆಲ್ಜೀಬ್ರಾ, ಪ್ರಾಬಬಿಲಿಟಿ ಓದಿದ್ದೇನೆ. ರಿಯಲ್ ಅನಾಲಿಸಿಸ್ (ಕ್ಯಾಲ್ಕುಲಸ್ ಹಿಂದಿನ ತರ್ಕವನ್ನು ಪ್ರೂಫ್ ಸಮೇತ ಕಟ್ಟುವ ಗಣಿತ) ಓದಿಲ್ಲ. ಡೇಟಾ ಸೈನ್ಸ್ ಸರ್ಟಿಫಿಕೇಟ್‌ಗಳು ಒಂದಷ್ಟಿವೆ. ಈ ವರ್ಷವೇ ಅಪ್ಲೈ ಮಾಡಲೇ? ಮೊದಲು ಮಾಸ್ಟರ್ಸ್ ಮಾಡಲೇ?

ಉತ್ತರ 1

ನಾನು ಸ್ಟಾಟಿಸ್ಟಿಕ್ಸ್‌ನಲ್ಲೇ ಪಿಎಚ್‌ಡಿ ಮಾಡುತ್ತಿದ್ದೇನೆ. ನಿಮ್ಮ ಪ್ರಶ್ನೆ ಓದಿ ಬಹಳ ಖುಷಿಯಾಯಿತು, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಸರ್ಟಿಫಿಕೇಟ್‌ಗಳನ್ನು ಪಕ್ಕಕ್ಕಿಡಿ. ಪಿಎಚ್‌ಡಿ ಆಯ್ಕೆ ಮಾಡುವವರು ಮುಖ್ಯವಾಗಿ ನೋಡುವುದು, ಮೊದಲ ವರ್ಷದ ಥಿಯರಿ ಕೋರ್ಸ್‌ಗಳನ್ನು ಇವರು ದಾಟುತ್ತಾರಾ ಅಂತ. ಅಲ್ಲಿ ಪ್ರೂಫ್ ಬರೆಯದೆ ಗತಿಯಿಲ್ಲ. ರಿಯಲ್ ಅನಾಲಿಸಿಸ್‌ನಲ್ಲಿ ಒಳ್ಳೆಯ ಗ್ರೇಡ್ ಇದ್ದರೆ ಅವರಿಗೆ ಧೈರ್ಯ ಬರುತ್ತದೆ. ಅದು ಬರೀ ಜರಡಿ ಅಂದುಕೊಳ್ಳಬೇಡಿ. ನಿಮ್ಮ ಇಣುಕುವ ಸಮಸ್ಯೆಯನ್ನೇ ತಗೊಳ್ಳಿ. ಟೆಸ್ಟ್ ಮಧ್ಯೆ ಸಮಾನ ಅಂತರದಲ್ಲಿ 5 ಸಲ ನೋಡಿ, ಪ್ರತಿ ಸಲವೂ 0.05ನ್ನೇ ಗೆರೆಯಾಗಿ ಇಟ್ಟುಕೊಂಡರೆ, ಶೇ 5 ಇರಬೇಕಾದ ಸುಳ್ಳು ಗೆಲುವಿನ (ಇಲ್ಲದ ವ್ಯತ್ಯಾಸ ಇದೆ ಅಂತ ತೋರುವ) ಸಾಧ್ಯತೆ ಶೇ 14ರ ಹತ್ತಿರ ಹೋಗುತ್ತದೆ. ಇದನ್ನು ಕಂಪ್ಯೂಟರ್‌ನಲ್ಲಿ ಸಿಮ್ಯುಲೇಟ್ ಮಾಡಿ ಯಾರು ಬೇಕಾದರೂ ತೋರಿಸಬಹುದು. ಆದರೆ ಯಾವಾಗ ಬೇಕಾದರೂ ನೋಡಿ, ಯಾವಾಗ ಬೇಕಾದರೂ ನಿಲ್ಲಿಸಿದರೂ ಕೆಡದಂಥ ಟೆಸ್ಟ್ ಕಟ್ಟಬೇಕು ಅಂದರೆ ಮಾರ್ಟಿಂಗೇಲ್ (ಸರಾಸರಿಯಲ್ಲಿ ಲಾಭವೂ ನಷ್ಟವೂ ಇಲ್ಲದ ಆಟದ ಗಣಿತ ರೂಪ) ಬೇಕು, ಸ್ಟಾಪಿಂಗ್ ಟೈಮ್ (ಅಲ್ಲಿವರೆಗೆ ಕಂಡದ್ದನ್ನು ಮಾತ್ರ ನೋಡಿ ನಿಲ್ಲಿಸುವ ಹೊತ್ತು) ಬೇಕು. ಅವುಗಳ ಅಡಿಪಾಯ ಮೆಷರ್ ಥಿಯರಿ, ಅಂದರೆ ಪ್ರಾಬಬಿಲಿಟಿಗೆ ಗಟ್ಟಿ ತಳಹದಿ ಕೊಡುವ ಗಣಿತ. ಅದಕ್ಕೂ ಮೊದಲಿನ ಮೆಟ್ಟಿಲು ರಿಯಲ್ ಅನಾಲಿಸಿಸ್. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಸ್ಟಾಟಿಸ್ಟಿಕ್ಸ್ ತಜ್ಞ ಅಬ್ರಹಾಂ ವಾಲ್ಡ್ ಕೈಹಾಕಿದ್ದು ಇದೇ ಬಗೆಯ ಪ್ರಶ್ನೆಗೆ. ಡೇಟಾ ಬರುತ್ತಾ ಇರುವಾಗಲೇ ಯಾವಾಗ ನಿಲ್ಲಿಸಬಹುದು ಅಂತ. ನೀವು ನಿಮ್ಮ ಕೆಲಸದಿಂದಲೇ ಅಲ್ಲಿಗೆ ಬಂದು ನಿಂತಿದ್ದೀರಿ.

ನನ್ನನ್ನು ಕೇಳಿದರೆ, ಈ ವರ್ಷ ಅವಸರ ಮಾಡಬೇಡಿ. ಯಾವುದಾದರೂ ಯೂನಿವರ್ಸಿಟಿಯಲ್ಲಿ ರಿಯಲ್ ಅನಾಲಿಸಿಸ್ ಅನ್ನು ಗ್ರೇಡ್ ಸಿಗುವ ಹಾಗೆ ತಗೊಳ್ಳಿ. ಸುಮ್ನೆ ವಿಡಿಯೊ ನೋಡಿ ಕಲಿತರೆ ತಿಳಿವಳಿಕೆಗೆ ಒಳ್ಳೆಯದೇ, ಆದರೆ ಅರ್ಜಿಯಲ್ಲಿ ತೋರಿಸಲು ಏನೂ ಇರುವುದಿಲ್ಲ. ಜಿಆರ್‌ಇ ಮ್ಯಾಥ್ಸ್ ಸಬ್ಜೆಕ್ಟ್ ಟೆಸ್ಟ್ (ಪಿಎಚ್‌ಡಿಯಂಥ ಕೋರ್ಸ್‌ಗಳ ಪ್ರವೇಶಕ್ಕೆ ಬರೆಯುವ ಗಣಿತ ಪರೀಕ್ಷೆ) ಇದರ ಬದಲಿಗೆ ಆಗುವುದಿಲ್ಲ. ಅದರಲ್ಲಿ ಅರ್ಧದಷ್ಟು ಕ್ಯಾಲ್ಕುಲಸ್, ಪ್ರೂಫ್ ಬರೆಯುವುದಂತೂ ಇಲ್ಲವೇ ಇಲ್ಲ. ಅದು ಬೇಕೋ ಬೇಡವೋ ಅಂತ ಒಂದೊಂದು ವಿಭಾಗದ ಪುಟದಲ್ಲೂ ನೋಡಿಕೊಳ್ಳಿ.

ಉತ್ತರ 2

ಮೇಲೆ ಹೇಳಿದ್ದು ಸರಿ. ಮಾಸ್ಟರ್ಸ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಅಮೆರಿಕದಲ್ಲಿ ಪಿಎಚ್‌ಡಿಗೆ ಸೇರಲು ಸಾಮಾನ್ಯವಾಗಿ ಮಾಸ್ಟರ್ಸ್ ಆಗಿರಲೇಬೇಕು ಅಂತಿಲ್ಲ. ಪಿಎಚ್‌ಡಿಯವರಿಗೆ ಹೆಚ್ಚಾಗಿ ಫೀಸ್ ಮನ್ನಾ ಇರುತ್ತದೆ, ಪಾಠಕ್ಕೆ ಅಥವಾ ರಿಸರ್ಚ್‌ಗೆ ಸಹಾಯ ಮಾಡಿದ್ದಕ್ಕೆ ಸ್ಟೈಪೆಂಡ್ ಬರುತ್ತದೆ. ಮಾಸ್ಟರ್ಸ್‌ಗೆ ಬಹುತೇಕ ಕೈಯಿಂದಲೇ ಕಟ್ಟಬೇಕು. ಒಂದು ಕೋರ್ಸ್‌ನ ಕೊರತೆಗೆ ಅಷ್ಟು ಸಾಲ ಬೇಡ. ಬಯೋಸ್ಟಾಟಿಸ್ಟಿಕ್ಸ್ (ವೈದ್ಯಕೀಯ, ಆರೋಗ್ಯ ಕ್ಷೇತ್ರದ ಸ್ಟಾಟಿಸ್ಟಿಕ್ಸ್) ವಿಭಾಗಗಳನ್ನೂ ನೋಡಿ. ಕ್ಲಿನಿಕಲ್ ಟ್ರಯಲ್ ಅನ್ನು, ಅಂದರೆ ಚಿಕಿತ್ಸೆಯನ್ನು ಜನರ ಮೇಲೆ ಪರೀಕ್ಷಿಸುವುದನ್ನು, ಮಧ್ಯದಲ್ಲೇ ನಿಲ್ಲಿಸಬೇಕಾ, ಮುಂದುವರಿಸಬೇಕಾ ಅನ್ನುವುದು ಅಲ್ಲಿ ರೋಗಿಗಳ ಜೀವದ ಪ್ರಶ್ನೆ. ನೀವು ಹೇಳಿದ ಇಣುಕುವ ಸಮಸ್ಯೆಯೇ ಅದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಕ್ಲಿನಿಕಲ್ ಟ್ರಯಲ್ ವಿಷಯ ನನಗೆ ಹೊಳೆದೇ ಇರಲಿಲ್ಲ. ಇನ್ನೊಂದು ಪ್ರಶ್ನೆ. ಶಿಫಾರಸು ಪತ್ರ ಸಾಮಾನ್ಯವಾಗಿ 3 ಕೇಳುತ್ತಾರೆ. ನನ್ನ ಮ್ಯಾನೇಜರ್‌ಗೆ ನನ್ನ ಕೆಲಸ ಚೆನ್ನಾಗಿ ಗೊತ್ತು, ಪ್ರೊಫೆಸರ್‌ಗಳಿಗೆ ಅಷ್ಟಾಗಿ ಇಲ್ಲ. ಮ್ಯಾನೇಜರ್ ಹತ್ತಿರ ಬರೆಸಬಹುದಾ?

ಉತ್ತರ 1

ಒಂದು ಬರೆಸಿ, ಅದಕ್ಕಿಂತ ಜಾಸ್ತಿ ಬೇಡ. ಮ್ಯಾನೇಜರ್ "ಶ್ರಮಜೀವಿ, ಎಲ್ಲರೊಡನೆ ಹೊಂದಿಕೊಳ್ಳುತ್ತಾರೆ" ಅಂತ ಬರೆದರೆ ಓದುವವರಿಗೆ ಉಪಯೋಗವಿಲ್ಲ. ಇಣುಕುವ ಸಮಸ್ಯೆಯನ್ನು ನೀವೇ ಕಂಡುಹಿಡಿದು ತಂಡಕ್ಕೆ ವಿವರಿಸಿದ್ದನ್ನು ಬರೆಯಲು ಕೇಳಿ. ಉಳಿದ ಎರಡು ಗಣಿತ ಪಾಠ ಮಾಡಿದವರಿಂದ ಬರಲಿ. ರಿಯಲ್ ಅನಾಲಿಸಿಸ್ ಕೋರ್ಸ್ ತಗೊಂಡರೆ ಅಲ್ಲೇ ಒಬ್ಬರು ಸಿಗುತ್ತಾರೆ. ಮೊದಲ ವಾರದಿಂದಲೇ ಅವರ ಹತ್ತಿರ ಹೋಗಿ ಪ್ರಶ್ನೆ ಕೇಳಿ. ಕೊನೆಯಲ್ಲಿ ಪತ್ರಕ್ಕೆ ಮಾತ್ರ ಹೋದರೆ ಬರೆಯಲು ಅವರ ಹತ್ತಿರ ಏನಿರುತ್ತದೆ, ಅಲ್ವಾ? ತುಂಬಾ ಕಡೆ ಕೊನೇ ದಿನ ಡಿಸೆಂಬರ್‌ನಲ್ಲಿ ಇರುತ್ತದೆ, ಹಾಗಾಗಿ ಪತ್ರ ಕೇಳುವುದನ್ನು ಅಕ್ಟೋಬರ್‌ಗೇ ಮುಗಿಸಿ.

ಸ್ಟೇಟ್‌ಮೆಂಟ್ ಆಫ್ ಪರ್ಪಸ್‌ನಲ್ಲಿ (ಯಾಕೆ ಓದಬೇಕು ಅಂತ ಅರ್ಜಿಯ ಜೊತೆ ನೀವು ಬರೆಯುವ ಬರಹ) ಬಾಲ್ಯದ ಗಣಿತ ಪ್ರೀತಿ ಬೇಡ. ಮೇಲೆ ನೀವು ಪ್ರಶ್ನೆಯಲ್ಲಿ ಇಣುಕುವ ಸಮಸ್ಯೆ ಬಗ್ಗೆ ಬರೆದ ಎರಡು ವಾಕ್ಯಗಳಿಂದ ಶುರುಮಾಡಿ. ಆಮೇಲೆ ಏನು ಓದಿದಿರಿ, ಎಲ್ಲಿ ಸಿಕ್ಕಿಕೊಂಡಿರಿ, ಆ ವಿಭಾಗದಲ್ಲಿ ಅದರ ಮೇಲೆ ಕೆಲಸ ಮಾಡುತ್ತಿರುವವರು ಯಾರು ಅಂತ ಬರೆಯಿರಿ. ಬರೆದದ್ದನ್ನು ಇಲ್ಲಿ ಹಾಕಿದರೆ ನಾನು ಖಂಡಿತ ಓದಿ ಹೇಳುತ್ತೇನೆ.